ಒಂದೇ ಗರಡಿಯ ಇಬ್ಬರು

ಕಚೇರಿಯವರು ಅರವತ್ತಕ್ಕೆ ನಿವೃತ್ತರಾಗುತ್ತಾರೆ. ಕುಸ್ತಿಯವನಿಗೆ ಆ ಭಾಗ್ಯ ಮೂವತ್ತು ದಾಟುತ್ತಿದ್ದಂತೆಯೇ ಬರುತ್ತದೆ. ಯಾರೂ ಹಾರ ಹಾಕುವುದಿಲ್ಲ, ಭಾಷಣ ಮಾಡುವುದಿಲ್ಲ. ಒಂದು ದಿನ ಆಯ್ಕೆಯಾದವರ ಹೆಸರು ಕೂಗುವಾಗ ನಮ್ಮ ಹೆಸರು ಬರುವುದಿಲ್ಲ, ಅಷ್ಟೆ. ನಾನು ಅದಾದ ಮೇಲೂ ರಾಮನಗರದಲ್ಲಿ ಹುಡುಗರಿಗೆ ಕಲಿಸಿಕೊಂಡು ಕೆಲವು ವರ್ಷ ತಳ್ಳಿದೆ. ಈಗ ಕತ್ತಿನ ಮೂಳೆ ಸವೆದಿದೆ ಎಂದು ಹೇಳಿ ವೈದ್ಯರು ಅದನ್ನೂ ಬಿಡಿಸಿದ್ದಾರೆ. ಬಸ್ಸಿನಲ್ಲಿ ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ನೋಡಿದವರು ಇವನಿಗೆ ಎಷ್ಟು ಗತ್ತು ಎಂದುಕೊಳ್ಳುತ್ತಾರೆ.

ಹೊಸದಾಗಿ ತರಬೇತಿಗೆ ಸೇರಿದ ಹುಡುಗರು ಈಗಲೂ ಮನೆಗೆ ಬರುತ್ತಾರೆ. ಬಂದವರು ಮೊದಲು ಗೋಡೆ ನೋಡುತ್ತಾರೆ, ಪದಕ ಎಲ್ಲಿ ಎಂದು. ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ಪದಕಗಳನ್ನು ನನ್ನ ಹೆಂಡತಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಅವುಗಳ ಕತೆ ಹೇಳಲು ನನಗೆ ಆಸೆಯಿಲ್ಲ. ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದರೆ ಮಾತ್ರ ಹೇಳುತ್ತೇನೆ. ಒಬ್ಬನೇ ಮನುಷ್ಯನನ್ನು ವರ್ಷಗಟ್ಟಲೆ ಎತ್ತಿ ಹಾಕುವುದು, ಅವನಿಂದ ವರ್ಷಗಟ್ಟಲೆ ಎತ್ತಿ ಹಾಕಿಸಿಕೊಳ್ಳುವುದು, ಇದೇ ಈ ಕೆಲಸ. ಹೊರದೇಶದ ಪಂದ್ಯ, ಧ್ವಜ, ಫೋಟೋ ಎಲ್ಲ ಅದರ ಮೇಲಿನ ಒಗ್ಗರಣೆ. ನನ್ನ ಪಾಲಿಗೆ ಆ ಒಬ್ಬ ಮನುಷ್ಯ ಪುಟ್ಟಸ್ವಾಮಿ.

ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮೂರು. ಊರಲ್ಲಿ ಹಿಪ್ಪುನೇರಳೆ, ರಾಗಿ, ಹಸು, ಮತ್ತೆ ಒಂದು ಗರಡಿ. ಪುಟ್ಟಸ್ವಾಮಿಯೂ ನಾನೂ ಓರಗೆಯವರು. ಒಂದೇ ಶಾಲೆಯಲ್ಲಿ ಕೂತು, ಒಂದೇ ವರ್ಷ ಫೇಲಾಗಿ, ಒಂದೇ ಶನಿವಾರ ಗರಡಿಗೆ ಸೇರಿದವರು. ನಮ್ಮ ಉಸ್ತಾದ್ ಚೆಲುವಯ್ಯನವರು ಕುಳ್ಳಗಿದ್ದರು. ಕಿವಿಗಳು ಹಿಸುಕಿದ ಬದನೆಕಾಯಿಯಂತೆ ಮುದುಡಿದ್ದವು. ಬೈಗುಳ ಬಿಟ್ಟು ಬೇರೆ ಮಾತು ಕಡಿಮೆ. ಹೊಸಬ ಬಂದರೆ ಅವನ ಎರಡೂ ಕೈಯನ್ನು ಮಟ್ಟಿಯೊಳಕ್ಕೆ ಒತ್ತಿಸುತ್ತಿದ್ದರು. ಮಟ್ಟಿ ಎಂದರೆ ಗರಡಿಯ ಕೆಮ್ಮಣ್ಣು. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು. ಕೈ ಒತ್ತಿ ಅವರು ಹೇಳಿಕೊಟ್ಟ ಮಾತು ಹೇಳಬೇಕು. "ಈ ಮಟ್ಟಿ ಮೆಟ್ಟಿದೋರ ಮೇಲೆ ಹೊರಗೆ ಎಲ್ಲೂ ಕೈ ಮಾಡಾಕಿಲ್ಲ." ಅಂದರೆ ಒಂದೇ ಗರಡಿಯ ಇಬ್ಬರು ಹೊರಗಿನ ಅಖಾಡದಲ್ಲಿ ಎದುರುಬದುರು ನಿಲ್ಲುವಂತಿಲ್ಲ.

ಒಳಗೆ ಸಾಧನೆ ಮಾಡುವಾಗಲೂ ಒಂದು ಕಟ್ಟು ಇತ್ತು. ಇನ್ನೇನು ಒಬ್ಬನ ಬೆನ್ನು ಮಣ್ಣಿಗೆ ತಾಗಬೇಕು ಅನ್ನುವಷ್ಟರಲ್ಲಿ ಉಸ್ತಾದರು ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಿದೊಡನೆ ಇಬ್ಬರೂ ಬಿಟ್ಟು ಏಳಬೇಕು. ಯಾರು ಯಾರನ್ನು ಚಿತ್ ಮಾಡಿದರು ಎಂಬ ಲೆಕ್ಕವೇ ನಮ್ಮ ಗರಡಿಯಲ್ಲಿ ಹುಟ್ಟುತ್ತಿರಲಿಲ್ಲ. ಒಮ್ಮೆ ನಾನು ಉಬ್ಬಿಹೋಗಿ, "ಉಸ್ತಾದ್ರೆ, ಇನ್ನೊಂದ್ ಗಳಿಗೆ ಬುಟ್ಟಿದ್ರೆ ಪುಟ್ಟನ್ನ ಮಲಗಿಸ್ಬುಡ್ತಿದ್ದೆ" ಎಂದೆ.

"ಮಲಗಿಸ್ಬುಟ್ಟು? ಜೋಗುಳ ಹಾಡೀಯ?" ಎಂದರು ಅವರು. "ಆಚೆಯೋನ್ನ ಮಲಗ್ಸು ಹೋಗ್ಲಾ. ಮನೆಯೋನ್ನ ಮಲಗಿಸಿದ್ರೆ ಮನೇಲಿ ಎಲ್ಡು ಒಲೆ ಆಯ್ತದೆ."

ಮಾಗಡಿ ಕಡೆಯ ಒಂದು ನಾಡಕುಸ್ತಿಯಲ್ಲಿ ಈ ಕಟ್ಟಳೆಗೆ ಪರೀಕ್ಷೆ ಬಂತು. ಜೋಡಿ ಕಟ್ಟುವವರು ನಮ್ಮ ತೂಕ, ಎತ್ತರ ನೋಡಿ, ನಾವು ಒಂದೇ ಊರಿನವರೋ ಎಂದು ಕೇಳದೆ ನಮ್ಮಿಬ್ಬರನ್ನೇ ಜೋಡಿ ಮಾಡಿಬಿಟ್ಟರು. ಹೆಸರು ಕೂಗಿದಾಗಲೇ ಗೊತ್ತಾಗಿದ್ದು. ಜನ ಶಿಳ್ಳೆ ಹಾಕುತ್ತಿದ್ದರು. ಉಸ್ತಾದರು ಪಂಚೆ ಎತ್ತಿ ಕಟ್ಟಿಕೊಂಡು ನೇರ ಅಖಾಡಕ್ಕೆ ಇಳಿದರು. ನನ್ನದೊಂದು ಕೈ, ಪುಟ್ಟನದೊಂದು ಕೈ ಹಿಡಿದು ಎತ್ತಿದರು. "ಎಲ್ಡೂ ನನ್ ಮಕ್ಳು. ಸಮಸಮ!" ಎಂದು ಕೂಗಿದರು. ಶಿಳ್ಳೆ ಹಾಕುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಒಂದು ತೆಂಗಿನಕಾಯಿ ಒಡೆದು ಒಂದೊಂದು ಹೋಳು ಕೈಗಿಟ್ಟರು. ನಾಡಕುಸ್ತಿಯ ಜನಕ್ಕೆ ಆ ಮಾತು ಅರ್ಥವಾಗುತ್ತಿತ್ತು.

ಹೊಸ ಶತಮಾನದ ಮೊದಲ ವರ್ಷಗಳವು. ಹಾರೋಹಳ್ಳಿಯ ಸುತ್ತ ಜಮೀನುಗಳಿಗೆ ಬೇಲಿ ಬಿದ್ದು, ತಗಡಿನ ಶೆಡ್ಡುಗಳು ಎದ್ದು, ಒಂದೊಂದೇ ಫ್ಯಾಕ್ಟರಿ ಶುರುವಾಗುತ್ತಿತ್ತು. ಬೆಳಿಗ್ಗೆ ಹಾಲಿನ ಕ್ಯಾನು ಇಟ್ಟುಕೊಂಡು ಹೋಗುತ್ತಿದ್ದ ಹುಡುಗರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಶಿಫ್ಟಿಗೆ ಹೋಗತೊಡಗಿದರು. ಗರಡಿಗೆ ಬರುವವರು ಕಡಿಮೆಯಾದರು. ಪುಟ್ಟಸ್ವಾಮಿಯೂ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗಕ್ಕೆ ಗುತ್ತಿಗೆ ಕೆಲಸಕ್ಕೆ ಸೇರಿದ. ನಾನು ಅಪ್ಪನ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹೊತ್ತುಕೊಂಡಿದ್ದೆ.

ಆಗ ಜಿಲ್ಲಾ ಮಟ್ಟದ ಒಂದು ಕೂಟದಲ್ಲಿ ನಮ್ಮಿಬ್ಬರನ್ನೂ ಕಂಡ ಒಬ್ಬ ಕೋಚ್, ನಿಮ್ಮ ಎದೆ ತೋಳಿಗೆ ಗ್ರೀಕೋ ರೋಮನ್ ಸರಿ ಎಂದರು. ಅವರು ಉತ್ತರದ ಕಡೆಯವರು, ಸೇನೆಯಲ್ಲಿದ್ದು ಬಂದವರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು "ಎತ್ತು", "ಒತ್ತು", "ಸುಮ್ನೆ ಇರು" ಈ ಮೂರೇ. ಅವುಗಳಲ್ಲೇ ಅವರು ಕುಸ್ತಿ ಪೂರ್ತಿ ಕಲಿಸಬಲ್ಲವರಾಗಿದ್ದರು. ಗ್ರೀಕೋ ರೋಮನ್ ಎಂದರೆ ಸೊಂಟದಿಂದ ಮೇಲಿನ ಕುಸ್ತಿ. ಎದುರಾಳಿಯ ಕಾಲು ಮುಟ್ಟುವಂತಿಲ್ಲ, ನಮ್ಮ ಕಾಲನ್ನು ಪಟ್ಟಿಗೆ ಬಳಸುವಂತಿಲ್ಲ. ಅದನ್ನು ಊರಿಗೆ ಬಂದು ಉಸ್ತಾದರಿಗೆ ವಿವರಿಸಿದೆವು. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು, "ಕಾಲಿಲ್ದ ಕುಸ್ತಿನಾ? ಮುದ್ದೆ ಇಲ್ದ ಊಟ ಅನ್ನು. ಬರೀ ಸಾರು ಕುಡ್ಕಂಡು ಎದ್ದೇಳೋದು" ಎಂದರು. ಆದರೂ ಬೇಡ ಅನ್ನಲಿಲ್ಲ.

ಮ್ಯಾಟ್ ಇರಲಿಲ್ಲ. ಪುಟ್ಟಸ್ವಾಮಿ ಸೂಪರ್‌ವೈಸರನ್ನು ಕೇಳಿ, ಪೆಟ್ಟಿಗೆಯೊಳಗೆ ಸಾಮಾನಿನ ಸುತ್ತ ತುಂಬುವ ಸ್ಪಂಜಿನ ಚೂರುಗಳನ್ನು ಮೂಟೆ ಕಟ್ಟಿ ತಂದ. ಅದನ್ನು ಟಾರ್ಪಾಲಿನೊಳಗೆ ಹೊಲಿದು ಗರಡಿಯ ಒಂದು ಮೂಲೆಯಲ್ಲಿ ಹಾಸಿದೆವು. ಬಿದ್ದರೆ ಧೂಳಿನ ಬದಲು ಪ್ಲಾಸ್ಟಿಕ್ ವಾಸನೆ ಏಳುತ್ತಿತ್ತು. ಅವನ ಶಿಫ್ಟು ಹೇಗೆ ಬದಲಾಗುತ್ತಿತ್ತೋ ನಮ್ಮ ಅಭ್ಯಾಸವೂ ಹಾಗೆ ಬದಲಾಗುತ್ತಿತ್ತು. ಅವನು ನಿಂತು ಕೆಲಸ ಮಾಡಿ ಬಂದವನು, ನಾನು ಸೊಪ್ಪು ಹೊತ್ತು ಬಂದವನು. ಇಬ್ಬರೂ ಬೈದುಕೊಳ್ಳುತ್ತಲೇ ಒಬ್ಬರನ್ನೊಬ್ಬರು ತಬ್ಬಿ ಎತ್ತುತ್ತಿದ್ದೆವು. ನನಗಿಂತ ಅವನ ಹಿಡಿತ ಗಟ್ಟಿ. ಅವನಿಗಿಂತ ನಾನು ಚುರುಕು. ಹೀಗೆಂದು ನಾವೇ ಅಂದುಕೊಂಡಿದ್ದೆವು, ಒರೆಗೆ ಹಚ್ಚಿ ನೋಡಿದವರು ಯಾರೂ ಇಲ್ಲ. ಇಲ್ಲೂ ಉಸ್ತಾದರ ಚಪ್ಪಾಳೆ ಇತ್ತಲ್ಲ.

ತಪ್ಪುಗಳನ್ನೂ ಹೇಳಬೇಕು, ಹುಡುಗರು ಅದನ್ನೇ ಹೆಚ್ಚು ಕೇಳುತ್ತಾರೆ. ಮೊದಲ ರಾಜ್ಯ ಮಟ್ಟದ ಕೂಟದಲ್ಲಿ ನಾನು ಮ್ಯಾಟ್ ಹತ್ತಿದವನೇ ಬಗ್ಗಿ ಮಣ್ಣಿಗಾಗಿ ತಡಕಾಡಿದೆ. ನಾಡಕುಸ್ತಿಯಲ್ಲಿ ಹಿಡಿ ಮಣ್ಣು ತೆಗೆದು ಎದುರಾಳಿಯ ಭುಜಕ್ಕೆ ಹಾಕುತ್ತೇವೆ, ಬೆವರಿಗೆ ಕೈ ಜಾರಬಾರದೆಂದು. ಅದು ಮರ್ಯಾದೆಯೂ ಹೌದು. ಮ್ಯಾಟ್ ಮೇಲೆ ಮಣ್ಣು ಎಲ್ಲಿಂದ ಬರಬೇಕು? ನನ್ನ ಷೂವಿನ ಅಡಿಯ ಧೂಳನ್ನೇ ಉಜ್ಜಿ ಅವನ ಭುಜಕ್ಕೆ ಹಚ್ಚಿದೆ. ಪಂಚರು ಸೀಟಿ ಊದಿ, ಟವೆಲ್ ತರಿಸಿ, ಅವನ ಭುಜವನ್ನು ಒರೆಸಿಸಿ, ನನ್ನ ಕೈಯನ್ನೂ ಒರೆಸಿಸಿ ಎಚ್ಚರಿಕೆ ಕೊಟ್ಟರು. ಆ ಎದುರಾಳಿ ಧಾರವಾಡದ ಕಡೆಯವನು. ಅವನಿಗೆ ಅರ್ಥವಾಗಿ ನಗು ತಡೆಯಲಾಗದೆ ನಿಂತಿದ್ದ. ಆಮೇಲೆ ನನ್ನನ್ನು ಸೋಲಿಸಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಈ ಕುಸ್ತಿಯಲ್ಲಿ ಮೀಸೆ ಮಣ್ಣಾಗುವ ಯೋಗವೇ ಇಲ್ಲವಲ್ಲ ಎಂದು ಪುಟ್ಟಸ್ವಾಮಿ ದಾರಿಯುದ್ದಕ್ಕೂ ಆಡಿಕೊಂಡ.

ಅವನದೂ ಒಂದಿದೆ. ಗೆಲ್ಲುವ ಹಂತದಲ್ಲಿದ್ದ ಪಂದ್ಯವೊಂದರಲ್ಲಿ ಎದುರಾಳಿ ಜಾರಿದನೆಂದು ಗರಡಿಯ ಅಭ್ಯಾಸದಂತೆ ಕಾಲು ಅಡ್ಡ ಹಾಕಿಬಿಟ್ಟ. ಅವನಿಗೇ ಗೊತ್ತಿಲ್ಲದೆ ಹೋದ ಕಾಲು ಅದು. ಅಂಕ ಎದುರಾಳಿಗೆ ಹೋಯಿತು. ಕೋಚ್ ಅಂದಿನಿಂದ ಅಭ್ಯಾಸದ ವೇಳೆ ಅವನ ಎರಡೂ ಕಾಲಿಗೆ ಸಡಿಲವಾಗಿ ಹಗ್ಗ ಕಟ್ಟಿಸಿದರು. ಹಗ್ಗ ಹಾಕಿದ ಎತ್ತು ಎಂದು ನಾನು ಕರೆಯುತ್ತಿದ್ದೆ. ಅವನು ಎತ್ತಿ ಒಗೆದ ಮೇಲೆ ಕರೆಯುವುದು ಬಿಟ್ಟೆ.

ತೂಕ ಇಳಿಸುವುದು ಈ ಕೆಲಸದ ಅತ್ಯಂತ ಕೆಟ್ಟ ಭಾಗ. ಪಂದ್ಯದ ಹಿಂದಿನ ದಿನ ನೀರೂ ಇಲ್ಲ. ಪ್ಲಾಸ್ಟಿಕ್ ಅಂಗಿ ತೊಟ್ಟು ಹುಳುಮನೆಯ ಕಾವಿನಲ್ಲಿ ಕುಳಿತು ಬೆವರಿಳಿಸುತ್ತಿದ್ದೆ. ನಮ್ಮವ್ವ ಬಾಗಿಲಲ್ಲಿ ನಿಂತು, "ಹುಳ ತಿಂದು ದಪ್ಪ ಆಯ್ತಾವೆ, ನೀನು ಒಣಗ್ತಾ ಇದೀಯ. ಯಾವ ದೇವ್ರಿಗ್ಲಾ ಈ ಹರಕೆ?" ಅನ್ನುತ್ತಿದ್ದಳು. ಇಬ್ಬರ ತೂಕವೂ ಒಂದೇ ವಿಭಾಗಕ್ಕೆ ಬೀಳುತ್ತಿತ್ತು. ಕೋಚ್ ಇದನ್ನು ಮೊದಲೇ ಕಂಡು ಪುಟ್ಟಸ್ವಾಮಿಗೆ ಮೇಲಿನ ವಿಭಾಗಕ್ಕೆ ಹೋಗಲು ಹೇಳಿದ್ದರು. ಅವನು ತಿಂದ, ಮೊಟ್ಟೆ ನುಂಗಿದ, ಹಾಲು ಕುಡಿದ. ನಿಂತು ಮಾಡುವ ಶಿಫ್ಟು ಎಲ್ಲವನ್ನೂ ಕರಗಿಸಿಬಿಡುತ್ತಿತ್ತು. ನಾನು ಕೆಳಗಿಳಿಯಲು ನೋಡಿದೆ, ಎಲುಬು ಬಿಟ್ಟರೆ ಇಳಿಸಲು ಮೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಹೀಗಿರುವಾಗ ರಾಷ್ಟ್ರೀಯ ಶಿಬಿರಕ್ಕೆ ರಾಜ್ಯದಿಂದ ಆಯ್ಕೆ ನಡೆಯಿತು. ಒಂದು ತೂಕಕ್ಕೆ ಒಬ್ಬನೇ. ಶಿಬಿರಕ್ಕೆ ಹೋದರೆ ಹೊರದೇಶದ ಪಂದ್ಯ, ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ. ಹೋಗದವನಿಗೆ ಗುತ್ತಿಗೆ ಕೆಲಸ, ಹುಳುಮನೆ. ಇಬ್ಬರೂ ಬೇರೆ ಬೇರೆ ಕಡೆಯಿಂದ ಗೆದ್ದುಕೊಂಡು ಬಂದರೆ ಕೊನೆಯ ಪಂದ್ಯದಲ್ಲಿ ನಾವೇ ಎದುರಾಗುತ್ತೇವೆ ಎಂದು ನಮಗೆ ಗೊತ್ತಿತ್ತು. ಹಿಂದಿನ ದಿನ ಸಂಜೆ ಗರಡಿಯ ಜಗಲಿಯಲ್ಲಿ ಅದೇ ಮಾತು.

"ಒಬ್ರು ಬುಟ್ಬುಡಾನ" ಎಂದ ಪುಟ್ಟಸ್ವಾಮಿ.

"ಯಾರ್ಲಾ ಬುಡೋದು?" ಎಂದೆ.

ಒಳಗಿನಿಂದ ಉಸ್ತಾದರು, "ಯಾರೂ ಬುಡೋದ್ ಬ್ಯಾಡ, ಯಾರೂ ಹಿಡಿಯೋದ್ ಬ್ಯಾಡ. ಮಾಗಡೀಲಿ ಆಗಿದ್ದು ಬೆಂಗ್ಳೂರ್ನಲ್ಲಿ ಆಗಾಕಿಲ್ವಾ? ಸಮಸಮ ನಿಂತ್ಕಳಿ. ಇಬ್ರೂನೂ ತಕತಾರೆ. ನಾನೂ ಬತ್ತೀನಿ" ಎಂದರು.

ಈಗಿನ ಹುಡುಗರು ಇದನ್ನು ಕೇಳಿ ನಗುತ್ತಾರೆ. ಅಷ್ಟು ಪೆದ್ದರಾ ನೀವು ಎನ್ನುತ್ತಾರೆ. ಹೌದು, ಅಷ್ಟು ಪೆದ್ದರು. ಆ ದಿನಗಳಲ್ಲಿ ಗ್ರೀಕೋ ರೋಮನ್‌ಗೆ ಒಂದು ಹೊಸ ನಿಯಮ ಬಂದಿತ್ತು. ನಿಂತು ಹಿಡಿಯುವಾಗ ಯಾರಿಗೂ ಅಂಕ ಬರದಿದ್ದರೆ ಪಂಚರು ಒಂದು ಬಿಲ್ಲೆ ಚಿಮ್ಮುತ್ತಾರೆ. ಒಂದು ಮುಖ ಕೆಂಪು, ಇನ್ನೊಂದು ಮುಖ ನೀಲಿ. ಯಾರ ಬಣ್ಣ ಬಿತ್ತೋ ಅವನು ಮೊದಲು ಮೇಲೆ, ಇನ್ನೊಬ್ಬ ಅಂಗೈ ಮಂಡಿ ಊರಿ ಕೆಳಗೆ. ಮೇಲಿನವನು ಹಿಂದಿನಿಂದ ಸೊಂಟ ತಬ್ಬಿ ಎತ್ತಿ ಎಸೆಯಬೇಕು. ಎಸೆಯದಿದ್ದರೆ ಅಂಕ ಕೆಳಗಿನವನಿಗೆ. ಆಮೇಲೆ ಇಬ್ಬರೂ ಅದಲುಬದಲು. ಇಬ್ಬರಿಗೂ ಒಂದೊಂದೇ ಅಂಕ ಬಂದರೆ ಕೊನೆಗೆ ಅಂಕ ಪಡೆದವನದೇ ಆ ಸುತ್ತು, ಮೂರರಲ್ಲಿ ಎರಡು ಸುತ್ತು ಗೆದ್ದವನದೇ ಪಂದ್ಯ. ಹೇಗೆ ತಿರುಗಿಸಿದರೂ ಒಬ್ಬ ಗೆಲ್ಲಲೇಬೇಕು. ಈ ನಿಯಮ ನಮಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆವು. ಅದನ್ನು ನಮ್ಮಿಬ್ಬರ ಮೇಲೆ ಹಾಕಿ ನೋಡುವ ಬುದ್ಧಿ ಮಾತ್ರ ಹೊಳೆಯಲಿಲ್ಲ. ಉಸ್ತಾದರು ಹೇಳಿದ್ದಾರೆ, ಆಗುತ್ತದೆ ಎಂದುಕೊಂಡೆವು.

ಬೆಂಗಳೂರಿನ ಒಳಾಂಗಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಅಂದುಕೊಂಡಂತೆಯೇ ನಾವಿಬ್ಬರೂ ಕೊನೆಗೆ ಉಳಿದೆವು. ನನಗೆ ಕೆಂಪು ಉಡುಪು, ಅವನಿಗೆ ನೀಲಿ. ಉಸ್ತಾದರು ಮೊದಲ ಸಾಲಿನ ಕುರ್ಚಿಯಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾವು ತೋಳಿಗೆ ತೋಳು ಕೊಟ್ಟು, ಹಣೆಗೆ ಹಣೆ ಒತ್ತಿ ನಿಂತೆವು. ನೋಡುವವರಿಗೆ ಕುಸ್ತಿಯಂತೆಯೇ ಕಾಣಬೇಕು. ಪಂಚರಿಗೆ ಕಾಣಲಿಲ್ಲ. ಎಚ್ಚರಿಕೆ ಕೊಟ್ಟರು. ಮತ್ತೆ ಹಾಗೇ ನಿಂತೆವು. ಬಿಲ್ಲೆ ಚಿಮ್ಮಿದರು, ಕೆಂಪು ಬಿತ್ತು.

ನಾನು ಮೊದಲು ಮೇಲೆ. ಪುಟ್ಟಸ್ವಾಮಿಯ ಸೊಂಟ ತಬ್ಬಿ ಸುಮ್ಮನಿದ್ದೆ. ಅಂಕ ಅವನಿಗೆ. ಅದಲುಬದಲಾಯಿತು. ಅವನು ನನ್ನ ಸೊಂಟ ತಬ್ಬಿ ಸುಮ್ಮನಿದ್ದ. ಅಂಕ ನನಗೆ. ಕೊನೆಯ ಅಂಕ ನನ್ನದು, ಸುತ್ತು ನನ್ನದು ಎಂದು ಪಂಚರು ನನ್ನ ಕೈ ಎತ್ತಿದರು. ಪುಟ್ಟಸ್ವಾಮಿ ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೆ ಅರ್ಥವಾಗಿತ್ತು, ಇದು ಮಾಗಡಿಯಲ್ಲ. ಮೊದಲ ಸಾಲಿನಲ್ಲಿ ಉಸ್ತಾದರು ಎದ್ದು ನಿಂತು, ಪಕ್ಕದವನನ್ನು "ಏನಪ್ಪಾ ಅದು? ಲಾಟ್ರಿ ಹೊಡ್ದು ಪೈಲ್ವಾನ್ನ ಆರಿಸ್ತಾರಾ?" ಎಂದು ಕೇಳುತ್ತಿದ್ದುದು ನಮಗೂ ಕೇಳಿಸಿತು.

ಎರಡನೇ ಸುತ್ತು. ಮತ್ತೆ ನಿಂತೆವು. ಮತ್ತೆ ಬಿಲ್ಲೆ. ಮತ್ತೆ ಕೆಂಪು. ಎರಡೂ ಸಲ ನೀಲಿ ಬಿದ್ದಿದ್ದರೆ ಈ ಬರಹವನ್ನು ಅವನು ಬರೆಯುತ್ತಿದ್ದ. ನಾನು ಮೇಲಿದ್ದೆ, ಎತ್ತಲಿಲ್ಲ. ಅಂಕ ಅವನಿಗೆ. ಅದಲುಬದಲಾಗಿ ಅವನು ಮೇಲೆ ಬಂದ. ಈಗ ಅವನು ಎತ್ತಿ ಎಸೆದರೆ ಸುತ್ತು ಅವನದು, ಮೂರನೇ ಸುತ್ತಿಗೆ ಪಂದ್ಯ ಉಳಿಯುತ್ತದೆ. ಎಸೆಯದಿದ್ದರೆ ಎಲ್ಲ ಮುಗಿಯಿತು. ಮೂಲೆಯಿಂದ ಕೋಚ್ ಕೂಗುತ್ತಿದ್ದರು, "ಪುಟ್ಟ, ಎತ್ತು! ಎತ್ತು!" ಅವರಿಗೆ ನಮ್ಮ ಗರಡಿಯ ಮಾತು ಗೊತ್ತಿರಲಿಲ್ಲ.

ಪುಟ್ಟಸ್ವಾಮಿಯ ತೋಳು ನನ್ನ ಹೊಟ್ಟೆಯ ಸುತ್ತ ಬಿಗಿಯಿತು. ಸಾವಿರ ಸಲ ಹಿಡಿಸಿಕೊಂಡು ಬಲ್ಲ ಹಿಡಿತ ಅದು. ನನ್ನ ಎರಡೂ ಮಂಡಿ ಮ್ಯಾಟ್ ಬಿಟ್ಟವು. ಗೇಣುದ್ದ ಮೇಲೆ ಹೋದೆ. ಅವನ ಉಸಿರು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಎಸೆಯುತ್ತಾನೆ ಎಂದುಕೊಂಡೆ. ಅವನು ಒಂದು ಗಳಿಗೆ ಹಾಗೇ ಹಿಡಿದಿದ್ದು, ತುಂಬಿದ ಕೊಡ ಇಳಿಸುವ ಹಾಗೆ ನನ್ನನ್ನು ಮೆಲ್ಲಗೆ ಕೆಳಗಿಟ್ಟ. ಸೀಟಿ ಊದಿದರು. ಪಂಚರು ನನ್ನ ಕೈ ಎತ್ತಿದರು.

ಆವತ್ತು ಕನಕಪುರದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಬಂದೆವು. ನಾನು ಕಿಟಕಿ ಕಡೆ, ಉಸ್ತಾದರು ನಡುವೆ. "ಬುಡ್ಲಾ, ಮೊಕ ಯಾಕಂಗ್ ಮಾಡ್ಕಂಡಿದೀಯ? ನಾಳೆ ನಂಗೆ ಫಸ್ಟ್ ಶಿಫ್ಟು, ಜಲ್ದಿ ಮಲಗ್ಬೇಕು" ಎಂದ ಪುಟ್ಟಸ್ವಾಮಿ. ಹಾರೋಹಳ್ಳಿ ದಾಟುವಾಗ ಅವನ ಫ್ಯಾಕ್ಟರಿ ಕಂಡಿತು. ಯಾರೂ ಅದರ ಕಡೆ ತಿರುಗಲಿಲ್ಲ.

ಅದಾದ ಮೇಲಿನದು ಪತ್ರಿಕೆಯವರಿಗೆ ಬೇಕಾದ ಭಾಗ. ಶಿಬಿರಕ್ಕೆ ಹೋದೆ. ಹೊರದೇಶಗಳಿಗೆ ಹೋದೆ. ಕೆಲವು ಗೆದ್ದೆ, ಹೆಚ್ಚು ಸೋತೆ. ಮೊದಲ ಸಲ ಹೊರದೇಶಕ್ಕೆ ಹೋದಾಗ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದು ಹೊಟ್ಟೆ ತುಂಬದೆ, ಅವ್ವ ಕಟ್ಟಿಕೊಟ್ಟಿದ್ದ ರಾಗಿ ಹಿಟ್ಟನ್ನು ಹೋಟೆಲಿನ ಟೀ ಕುದಿಸುವ ಕೆಟಲಿನಲ್ಲಿ ಹಾಕಿ ಮುದ್ದೆ ಮಾಡಲು ಹೋದೆ. ಕೆಟಲು ಸುಟ್ಟುಹೋಯಿತು, ಹೊಗೆಗೆ ಗಂಟೆ ಹೊಡೆದುಕೊಂಡು ಇಡೀ ಹೋಟೆಲಿನವರು ಚಳಿಯಲ್ಲಿ ಹೊರಗೆ ನಿಂತರು. ತಂಡದ ಮ್ಯಾನೇಜರು ನನ್ನನ್ನು ಬೈದ ಬೈಗುಳ ನನ್ನ ಇಡೀ ಬಾಳಿಗೆ ಸಾಕಾಗುವಷ್ಟಿತ್ತು. ಊರಿಗೆ ಬಂದು ಹೇಳಿದರೆ ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರತಿ ಸಲ ಹೊರಡುವ ಮುನ್ನ ಅವನೇ ನನಗೆ ಅಭ್ಯಾಸದ ಜೋಡಿ. ಶಿಫ್ಟು ಮುಗಿಸಿ ಬಂದು ನನ್ನ ಕೈಲಿ ಎತ್ತಿ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದ. ಒಂದು ದಿನವೂ ಬರಲ್ಲ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ದೊಡ್ಡ ಕೂಟದಲ್ಲಿ ಮಧ್ಯ ಏಷ್ಯಾದ ಒಬ್ಬ ನನ್ನನ್ನು ಹಿಂದಿನಿಂದ ತಬ್ಬಿ ಎತ್ತಿ ಎಸೆದ. ಅದೇ ಪಟ್ಟು. ಗಾಳಿಯಲ್ಲಿದ್ದಾಗ ನನಗೆ ಬಂದ ಯೋಚನೆ, ಪುಟ್ಟಸ್ವಾಮಿ ಮಾಡದೆ ಬಿಟ್ಟದ್ದು ಇದನ್ನೇ. ಬೆನ್ನು ಮ್ಯಾಟಿಗೆ ಬಡಿದಾಗ ಇನ್ನೊಂದು ಯೋಚನೆ, ನನ್ನ ಜಾಗದಲ್ಲಿ ಅವನಿದ್ದಿದ್ದರೆ ಇವನನ್ನು ತಡೆಯುತ್ತಿದ್ದನೋ ಏನೋ. ಆಮೇಲೆ ಸೋತಾಗಲೆಲ್ಲ ಅದೇ. ಗೆದ್ದಾಗಲೂ ಬಿಡಲಿಲ್ಲ, ಆಗ ಅದು ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. ಜಗತ್ತಿನ ಎದುರು ನಿಂತವನಿಗೆ ತನ್ನ ಊರಿನ ಮೂಲೆಯಲ್ಲಿ ತಾನು ಮೊದಲನೆಯವನೋ ಎರಡನೆಯವನೋ ಗೊತ್ತಿಲ್ಲ ಎಂದರೆ ಅದು ಎಂಥ ಬಾಳು? ನಾನು ಹೇಳುತ್ತೇನೆ, ಸುಖವಿಲ್ಲದ ಬಾಳು. ಕೆಲವು ವರ್ಷ ಕಳೆದ ಮೇಲೆ ಆ ಬಿಲ್ಲೆಯ ನಿಯಮವನ್ನೇ ತೆಗೆದುಹಾಕಿದರು. ಅದು ನ್ಯಾಯವಲ್ಲ ಎಂದು ಮೇಲಿನವರಿಗೆ ಅನ್ನಿಸಿತಂತೆ. ನಮ್ಮಿಬ್ಬರ ನಡುವೆ ಗೆರೆ ಎಳೆಯಲೆಂದೇ ಬಂದು, ಎಳೆದು ಹೋದಂತಾಯಿತು.

ಉಸ್ತಾದರು ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಬೈಗುಳವೂ ಕಡಿಮೆಯಾಗಿತ್ತು. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದು, "ಆವತ್ತು ನಾನು ಬೆಂಗ್ಳೂರಿಗೆ ಬರ್ಬಾರ್ದಿತ್ತು ಕಣ್ಲಾ" ಎಂದರು.

"ಯಾಕ್ ಉಸ್ತಾದ್ರೆ ಹಂಗಂತೀರ?" ಎಂದೆ.

"ನಾನ್ ಇಲ್ದಿದ್ರೆ ಹಿಡ್ಕತಿದ್ರಿ. ಯಾರೋ ಒಬ್ಬ ಗೆಲ್ಲೋನು. ಈಗ ಯಾರೂ ಗೆದ್ದಂಗಾಗ್ಲಿಲ್ಲ." ಅವರು ಹೋದ ಮೇಲೆ ಗರಡಿ ನಿಂತುಹೋಯಿತು. ರಸ್ತೆ ಅಗಲವಾಯಿತು. ಜಾಗ ಕೈ ಬದಲಾಗಿ ಈಗ ಅಲ್ಲಿ ಯಾವುದೋ ಕಂಪನಿಯ ಗೋದಾಮಿದೆ, ಲಾರಿಗಳು ಹಿಂದು ಮುಂದಾಗಿ ನಿಂತಿರುತ್ತವೆ.

ಗರಡಿ ಕೆಡವಿದ ವರ್ಷ ನಾನಿನ್ನೂ ಗಟ್ಟಿಯಾಗಿದ್ದೆ, ಪುಟ್ಟಸ್ವಾಮಿಯೂ. ನಾನೇ ಬಾಯಿ ಬಿಟ್ಟು ಕೇಳಿದೆ. "ಪುಟ್ಟ, ಉಸ್ತಾದ್ರೂ ಇಲ್ಲ, ಮಟ್ಟೀನೂ ಇಲ್ಲ. ರಾಮನಗರದಲ್ಲಿ ಮ್ಯಾಟ್ ಐತೆ. ಒಂದ್ಸಲ ನಿಜ್ವಾಗಿ ಹಿಡಿಯಾನ. ಯಾರೂ ನೋಡದ್ ಬ್ಯಾಡ."

"ಗರಡಿ ಹೋಯ್ತು ಕಣ್ಲಾ. ಕೈ ಒತ್ತಿ ಆಡಿದ್ ಮಾತು ಎಲ್ಲೋಯ್ತದೆ?" ಎಂದು ನಕ್ಕು ಸ್ಕೂಟರ್ ಹತ್ತಿದ. ಅವನಿಗೆ ಅಷ್ಟು ಹೊತ್ತಿಗೆ ಕೆಲಸ ಕಾಯಂ ಆಗಿತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು. ಅವನ ಮುಖದಲ್ಲಿ ನೋವು ಹುಡುಕಿದರೂ ನನಗೆ ಸಿಗುತ್ತಿರಲಿಲ್ಲ. ನೋವೆಲ್ಲ ನನ್ನ ಹತ್ತಿರವೇ ಇತ್ತು, ಗೆದ್ದವನ ಹತ್ತಿರ.

ಕತ್ತಿನ ಕತೆ ಮುಗಿದು ವೈದ್ಯರು ಇನ್ನು ಮ್ಯಾಟ್ ಮುಟ್ಟಬೇಡ ಎಂದ ವಾರ ಅವನು ಕನಕಪುರದ ನನ್ನ ಮನೆಗೆ ಬಂದ. ಸಾತನೂರಿನ ನೆಂಟರ ಮನೆಯಿಂದ ಬರುವ ದಾರಿಯಲ್ಲಿ ಇಳಿದಿದ್ದ. ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದಳು. ನನ್ನ ಕತ್ತಿನ ಪಟ್ಟಿ ನೋಡಿ, "ಎತ್ತಿಗೆ ನೊಗ ಹಾಕ್ದಂಗ್ ಐತಲ್ಲೋ" ಎಂದ. ನಾನು ನಗಲಿಲ್ಲ. ಇನ್ನು ಹಿಡಿದು ನೋಡುವ ಯೋಗ ಮುಗಿಯಿತು, ಕೇಳಿಯಾದರೂ ಬಿಡೋಣ ಅನ್ನಿಸಿತು.

"ಒಂದ್ ಮಾತು ಹೇಳ್ಬುಡು ಪುಟ್ಟ. ಆವತ್ತು ನನ್ ಮಂಡಿ ಎದ್ದಿತ್ತು. 'ಗರಡಿ ಮಾತು' ಅಂತ ತಾನೆ ಇಳಿಸ್ದೆ?"

ಅವನು ಕಾಫಿ ಲೋಟ ಕೆಳಗಿಟ್ಟ. "ಇಲ್ಲ ಕಣ್ಲಾ" ಎಂದ. ದನಿ ಮೆಲ್ಲಗಿತ್ತು. "ಎಸಿಯಾಕೇ ಎತ್ತಿದ್ದು. ಉಸ್ತಾದ್ರು ಕುಂತಿದ್ದೂ ಮರ್ತಿದ್ದೆ, ಮಾತೂ ಮರ್ತಿದ್ದೆ. ನಂಗೂ ಹೋಗ್ಬೇಕಿತ್ತು. ಎತ್ತಿದ್ರೆ ನಿನ್ ಮೈಯಾಗೆ ಒಸೀನೂ ಬಿಗಿ ಇಲ್ಲ. ನಾನು ಎಸಿಯಾಕಿಲ್ಲ ಅಂತ ನಂಬ್ಕಂಡು ಮಗಾ ತೋಳ್ನಾಗೆ ಮಲಗ್ದಂಗೆ ಬಿದ್ದಿದ್ದೆ. ಹಂಗ್ ನಂಬಿದೋನ್ನ ಹೆಂಗ್ಲಾ ಎಸಿಯಾದು? ನೀನೊಸಿ ತಡೆದಿದ್ರೆ ಎಸ್ದೇಬುಡ್ತಿದ್ದೆ."

ಇಷ್ಟು ವರ್ಷ ಅವನು ಮಾತು ಉಳಿಸಿಕೊಂಡ, ಅದರಿಂದ ನಾನು ಬದುಕಿದೆ ಎಂದುಕೊಂಡಿದ್ದೆ. ಮಾತು ಉಳಿಸಿಕೊಂಡಿದ್ದು ನಾನು. ನನ್ನ ಆ ನಂಬಿಕೆಯೇ ಅವನ ಕೈ ಕಟ್ಟಿತ್ತು. ಒಂದಿಷ್ಟು ಬಿಗಿ ಹಿಡಿದಿದ್ದರೆ ಅವನಿಗೆ ನ್ಯಾಯವಾಗಿ ಒಂದು ಕುಸ್ತಿ ಸಿಗುತ್ತಿತ್ತು. ಅವನು ಎದ್ದು, "ಬಸ್ ಬಂದ್ಬುಡ್ತದೆ, ಬತ್ತೀನಿ" ಎಂದ. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಕತ್ತು ತಿರುಗದ ಕಾರಣ ಅವನು ರಸ್ತೆಯ ತಿರುವಿಗೆ ಹೋಗುವಾಗ ಇಡೀ ಮೈ ತಿರುಗಿಸಿ ನಿಂತೆ. ಅವನು ಒಂದು ಸಲ ಕೈ ಎತ್ತಿ ಹೋದ.